ತೆಂಗಿನ ಮರದ ತುದಿಗೆ ನೀರೆತ್ತುವುದು ಯಾವ ಪಂಪು?

ಈ ತಿಂಗಳು ಬಂದ ಪತ್ರಗಳ ಪೈಕಿ ಐದು ಒಂದೇ ಸಂಗತಿಗೆ ಸಂಬಂಧಿಸಿದ್ದರಿಂದ ಅವನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮೊದಲ ಪ್ರಶ್ನೆಗೆ ಹೆಚ್ಚು ಜಾಗ ಹೋಗಿದೆ. ಅದನ್ನು ಬಿಡಿಸದೆ ಉಳಿದವನ್ನು ಮುಟ್ಟುವಂತಿರಲಿಲ್ಲ.

ಪ್ರಶ್ನೆ: ನಮ್ಮ ಹಳೆಯ ತೆರೆದ ಬಾವಿಯಲ್ಲಿ ನೀರು ಇಳಿದಾಗಲೆಲ್ಲ ಪಂಪನ್ನೂ ಬಾವಿಯೊಳಗಿನ ಕಟ್ಟೆಗೆ ಇಳಿಸಬೇಕಾಗುತ್ತಿತ್ತು. ಇಪ್ಪತ್ತೈದು ಅಡಿಗಿಂತ ಕೆಳಗಿನ ನೀರನ್ನು ಅದು ಎಳೆಯುತ್ತಲೇ ಇರಲಿಲ್ಲ. ಅದೇ ಬಾವಿಯ ಪಕ್ಕದ ತೆಂಗಿನ ಮರ ಎಪ್ಪತ್ತು ಅಡಿ ಮೇಲಿನ ಗರಿಗೆ ಕರೆಂಟಿಲ್ಲದೆ, ಸದ್ದಿಲ್ಲದೆ ನೀರು ಮುಟ್ಟಿಸುತ್ತದೆ. ಬೇರು ನೂಕುತ್ತದೆಯೋ, ಗರಿ ಎಳೆಯುತ್ತದೆಯೋ? ಎಳೆಯುವುದಾದರೆ ಪಂಪಿಗೆ ಆಗದ್ದು ಮರಕ್ಕೆ ಹೇಗೆ ಆಯಿತು?
— ತಿಪಟೂರು ತಾಲ್ಲೂಕಿನ ಒಬ್ಬ ತೆಂಗು ಬೆಳೆಗಾರರು

ಉತ್ತರ: ಗರಿಯೇ ಎಳೆಯುತ್ತದೆ. ಆದರೆ ಆ ‘ಎಳೆತ’ ನಿಮ್ಮ ಪಂಪಿನದಲ್ಲ. ಬಾವಿಯ ದಡದ ಪಂಪು ನೀರನ್ನು ಎಳೆಯುತ್ತದೆ ಎನ್ನುವುದು ರೂಢಿಯ ಮಾತಷ್ಟೇ. ವಾಸ್ತವದಲ್ಲಿ ಅದು ಕೊಳವೆಯೊಳಗಿನ ಒತ್ತಡವನ್ನು ತಗ್ಗಿಸುತ್ತದೆ, ಆಗ ಬಾವಿಯ ನೀರಿನ ಮೇಲೆ ಕೂತಿರುವ ಹೊರಗಿನ ಗಾಳಿಯ ಭಾರವೇ ನೀರನ್ನು ಕೊಳವೆಯೊಳಕ್ಕೆ ನೂಕುತ್ತದೆ. ಸಮುದ್ರಮಟ್ಟದಲ್ಲಿ ಆ ಭಾರ ಎತ್ತಿ ಹಿಡಿಯಬಲ್ಲ ನೀರಿನ ಕಂಬದ ಎತ್ತರ 10.3 ಮೀಟರ್, ಅಂದರೆ ಸುಮಾರು 34 ಅಡಿ. ಎಂಟುನೂರು ಮೀಟರಿಗೂ ಎತ್ತರದಲ್ಲಿರುವ ನಿಮ್ಮೂರಿನಲ್ಲಿ ಗಾಳಿಯ ಭಾರ ಇನ್ನೂ ಕಡಿಮೆ. ಕೊಳವೆಯ ತಿಕ್ಕಾಟ, ವಾಲ್ವಿನ ಸೋರಿಕೆಗಳನ್ನು ಕಳೆದರೆ ನಿಮ್ಮ ಇಪ್ಪತ್ತೈದು ಅಡಿಯ ಲೆಕ್ಕ ಸರಿಯಾಗಿಯೇ ಇದೆ. ಮರ ಈ ವಿಧಾನವನ್ನು ನೆಚ್ಚಿಕೊಂಡಿದ್ದರೆ ತೆಂಗು ಮೂವತ್ತು ಅಡಿಯ ಆಸುಪಾಸಿನಲ್ಲೇ ನಿಲ್ಲಬೇಕಾಗಿತ್ತು.

ಹಾಗಾದರೆ ಬೇರು ನೂಕಬಹುದೇ ಎಂದು ಕೇಳಿದ್ದೀರಿ. ನೂಕುತ್ತದೆ, ಆದರೆ ಸಾಲದು. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್, ವಸಂತಕಾಲದಲ್ಲಿ ಕತ್ತರಿಸಿದ ದ್ರಾಕ್ಷಿ ಬಳ್ಳಿಯ ಮೊಂಡಿಗೆ ಗಾಜಿನ ಕೊಳವೆ ಕಟ್ಟಿ, ಅದರೊಳಗೆ ರಸ ಇಪ್ಪತ್ತು ಅಡಿಗೂ ಮೇಲೆ ಏರಿದ್ದನ್ನು ಅಳೆದು 1727ರಲ್ಲೇ ಪ್ರಕಟಿಸಿದ್ದರು. ಬೇರಿನ ಜೀವಕೋಶಗಳು ಲವಣಗಳನ್ನು ಒಳಗೆ ತುಂಬಿಕೊಂಡಾಗ ಅವುಗಳ ಬೆನ್ನಿಗೆ ನೀರು ಅಭಿಸರಣೆಯಿಂದ, ಅಂದರೆ ತೆಳು ದ್ರಾವಣದ ಕಡೆಯಿಂದ ಗಾಢ ದ್ರಾವಣದ ಕಡೆಗೆ, ನುಗ್ಗುವುದೇ ಈ ನೂಕಿಗೆ ಕಾರಣ. ಸಾಮಾನ್ಯವಾಗಿ ಅದರ ಬಲ ಒಂದೆರಡು ವಾಯುಭಾರ ಮಾತ್ರ (ಒಂದು ವಾಯುಭಾರವೆಂದರೆ ಮೇಲೆ ಹೇಳಿದ, 34 ಅಡಿ ನೀರನ್ನು ಎತ್ತಿ ಹಿಡಿಯುವ ಗಾಳಿಯ ಭಾರ). ಎಪ್ಪತ್ತು ಅಡಿ ಎತ್ತುವುದಕ್ಕೇ ಎರಡಕ್ಕಿಂತ ಹೆಚ್ಚು ವಾಯುಭಾರ ಬೇಕು, ಕೊಳವೆಗಳ ತಿಕ್ಕಾಟಕ್ಕೆ ಹೆಚ್ಚುಕಡಿಮೆ ಅಷ್ಟೇ ಬೇರೆ ಬೇಕು. ಅದಕ್ಕಿಂತ ದೊಡ್ಡ ತೊಡಕೆಂದರೆ, ಬೇರಿನ ಈ ನೂಕು ರಾತ್ರಿಯ ತಂಪಿನಲ್ಲಿ ಕಾಣಿಸಿಕೊಂಡು, ಮರಕ್ಕೆ ನೀರಿನ ಅಗತ್ಯ ತೀವ್ರವಾಗಿರುವ ಮಟಮಟ ಮಧ್ಯಾಹ್ನದಲ್ಲಿ ಇಲ್ಲವಾಗುತ್ತದೆ. ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ಏರುತ್ತದೆ ಎನ್ನುವವರೂ ಇದ್ದಾರೆ. ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗ ತ್ರಿಜ್ಯದ ಕೊಳವೆಯಲ್ಲಿ ನೀರು ತಾನಾಗಿ ಏರುವುದು ಸುಮಾರು ಒಂದೂವರೆ ಮೀಟರ್ ಮಾತ್ರ, ಮರದ ನಾಳಗಳು ಅದಕ್ಕಿಂತ ಅಗಲವಾಗಿಯೇ ಇರುತ್ತವೆ.

ಕಾಂಡದ ಜೀವಕೋಶಗಳು ಹೃದಯದಂತೆ ಮಿಡಿದು ನೀರನ್ನು ಕೈಯಿಂದ ಕೈಗೆ ದಾಟಿಸುತ್ತವೆ ಎಂಬ ವಾದವೂ ಇತ್ತು. ನಮ್ಮ ಜಗದೀಶಚಂದ್ರ ಬೋಸರು 1923ರಲ್ಲಿ ಇದನ್ನು ಸಮರ್ಥಿಸಿ ಪುಸ್ತಕವನ್ನೇ ಬರೆದರು. ಬೋಸರ ಬಗೆಗಿನ ಗೌರವಕ್ಕೆ ಕುಂದು ತಾರದೆಯೇ ಹೇಳಬೇಕಾದ ಮಾತೆಂದರೆ, ಈ ಒಂದು ವಿಷಯದಲ್ಲಿ ಅವರ ತೀರ್ಮಾನ ನಿಲ್ಲಲಿಲ್ಲ. ಅದಕ್ಕೂ ಮೂರು ದಶಕ ಮೊದಲೇ ಜರ್ಮನಿಯಲ್ಲಿ ಎಡ್ವರ್ಡ್ ಸ್ಟ್ರಾಸ್‌ಬರ್ಗರ್ ಎತ್ತರದ ಮರಗಳನ್ನು ಬುಡದಲ್ಲಿ ಕತ್ತರಿಸಿ, ಜೀವಕೋಶಗಳನ್ನು ಕೊಲ್ಲುವ ವಿಷದ ದ್ರಾವಣದಲ್ಲಿ ನಿಲ್ಲಿಸಿದ್ದರು. ವಿಷ ಕಾಂಡವನ್ನು ಕೊಲ್ಲುತ್ತ ಮೇಲೇರಿತು, ಅದರ ಹಿಂದೆಯೇ ನೀರೂ ಏರಿತು. ಎಲೆಗಳು ಸತ್ತ ಮೇಲಷ್ಟೇ ಏರುವುದು ನಿಂತಿತು. ನೀರು ಸಾಗುವ ಕ್ಸೈಲಂ ನಾಳಗಳು ಹೇಗೂ ಸತ್ತ ಕೋಶಗಳ ಗೋಡೆಗಳೇ. ಒಳಗೆ ಜೀವವಿದ್ದಿದ್ದರೆ ಅದು ದಾರಿಗೆ ಅಡ್ಡವಾಗುತ್ತಿತ್ತು.

ಆದ್ದರಿಂದ ಎಲೆಗೆ ಬರೋಣ. ತೆಂಗಿನ ಗರಿಯ ಅಡಿಭಾಗದಲ್ಲಿ ಒಂದೊಂದು ಚದರ ಮಿಲಿಮೀಟರಿಗೆ ನೂರಾರು ಪತ್ರರಂಧ್ರಗಳಿವೆ. ಅವುಗಳ ಹಿಂದಿನ ಗಾಳಿಪೊಟ್ಟಣಗಳಲ್ಲಿ ಜೀವಕೋಶಗಳ ಒದ್ದೆ ಗೋಡೆಗಳು ಗಾಳಿಗೆ ಒಡ್ಡಿಕೊಂಡಿರುತ್ತವೆ, ಮಣ್ಣಿನ ಹೂಜಿಯ ಮೈ ಬೆವರಿದಂತೆ ಅಲ್ಲಿಂದ ನೀರು ಆವಿಯಾಗಿ ಹೊರಟುಹೋಗುತ್ತದೆ. ಆ ಗೋಡೆಗಳ ನಾರಿನ ನಡುವಿನ ಸಂದುಗಳು ಎಷ್ಟು ಕಿರಿದೆಂದರೆ, ಒಂದಿಷ್ಟು ನೀರು ಹೋದೊಡನೆ ಉಳಿದ ನೀರಿನ ಮೇಲ್ಮೈ ಒಳಕ್ಕೆ ಬಾಗಿ, ಮೇಲ್ಮೈ ಎಳೆತದಿಂದ ಹಿಂದಿನ ನೀರನ್ನು ಜಗ್ಗತೊಡಗುತ್ತದೆ. ಸಂದಿನ ತ್ರಿಜ್ಯ 5 ನ್ಯಾನೋಮೀಟರ್ ಆಗಿದ್ದರೆ ಆ ಜಗ್ಗು 280 ವಾಯುಭಾರವನ್ನೂ ಮೀರಬಲ್ಲದು. ಇನ್ನು ಗಾಳಿಯ ಕಡೆಯಿಂದ ನೋಡಿದರೆ, ಶೇಕಡ 50ರಷ್ಟು ಆರ್ದ್ರತೆಯ ಸಾಧಾರಣ ಗಾಳಿ ನೀರನ್ನು ತನ್ನತ್ತ ಸೆಳೆಯುವ ಶಕ್ತಿ 900 ವಾಯುಭಾರಕ್ಕೂ ಹೆಚ್ಚು. ಮರಕ್ಕೆ ಕರೆಂಟು ಎಲ್ಲಿಂದ ಎಂಬುದಕ್ಕೆ ಇದೇ ಉತ್ತರ: ಬಿಸಿಲು ನೀರನ್ನು ಆವಿಯಾಗಿಸುವ ಖರ್ಚನ್ನು ಹೊರುತ್ತದೆ, ಒಣಗಾಳಿ ಅದನ್ನು ಕೊಂಡೊಯ್ಯುತ್ತದೆ. ಮರದ ಪಾಲಿನ ಕೆಲಸ ನಾಳಗಳನ್ನು ಕಟ್ಟುವುದು ಮತ್ತು ಪತ್ರರಂಧ್ರಗಳ ಬಾಗಿಲು ಕಾಯುವುದು.

ಹಾಗಿದ್ದರೂ ಪಂಪಿನ ಕೊಳವೆಯಲ್ಲಿ 34 ಅಡಿಗೆ ಕಡಿದುಹೋಗುವ ನೀರಿನ ಕಂಬ ಮರದಲ್ಲಿ ಏಕೆ ಕಡಿಯುವುದಿಲ್ಲ? ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಹಿಡಿದುಕೊಂಡಿರುತ್ತವೆ, ನಾಳದ ಗೋಡೆಯನ್ನೂ ಹಿಡಿದಿರುತ್ತವೆ. ಗಾಳಿಗುಳ್ಳೆ ಹುಟ್ಟಲು ಆಸ್ಪದವೇ ಇರದಂತೆ ತುಂಬಿದ ಕಿರಿದಾದ ನಾಳದಲ್ಲಿ ನೀರನ್ನು ಹಗ್ಗದಂತೆ ಜಗ್ಗಬಹುದು. ಡಬ್ಲಿನ್ನಿನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ 1894ರಲ್ಲಿ ಮುಂದಿಟ್ಟ ಈ ವಿವರಣೆಯನ್ನು ಹಲವರು ನಂಬಲಿಲ್ಲ. ನೀರನ್ನು ಹಗ್ಗ ಎನ್ನುವುದು ಕೇಳಲಿಕ್ಕೂ ವಿಚಿತ್ರವೇ. ಆದರೆ 1950ರಲ್ಲಿ ಲೈಮನ್ ಬ್ರಿಗ್ಸ್ ಎಂಬ ಅಮೆರಿಕದ ವಿಜ್ಞಾನಿ ನೀರು ತುಂಬಿದ ಸಣ್ಣ ಗಾಜಿನ ನಳಿಗೆಯನ್ನು ಗರಗರನೆ ತಿರುಗಿಸಿ, ಎರಡೂ ತುದಿಗೆ ಜಗ್ಗುವ ನೀರು ಯಾವಾಗ ತುಂಡಾಗುತ್ತದೆ ಎಂದು ನೋಡಿದಾಗ ಅದು ಸುಮಾರು 277 ವಾಯುಭಾರದವರೆಗೂ ತಡೆದುಕೊಂಡಿತು. ಮರಗಳೊಳಗೆ ಹಗಲು ಕಾಣುವ ಜಗ್ಗು ಸಾಮಾನ್ಯವಾಗಿ ಹತ್ತಿಪ್ಪತ್ತು ವಾಯುಭಾರ. ಇದನ್ನು ಸುಲಭವಾಗಿ ಅಳೆಯುವ ಒತ್ತಡದ ಪಾತ್ರೆಯನ್ನು ಪರ್ ಸ್ಕೋಲಾಂಡರ್ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದರು. ಅಳತೆಗೆ ಬೇಕಾದ ಎತ್ತರದ ರೆಂಬೆಗಳನ್ನು ಅವರು ಬಂದೂಕಿನಿಂದ ಹೊಡೆದು ಕೆಡವಿಸಿದ್ದು ಸಸ್ಯಶಾಸ್ತ್ರದ ತರಗತಿಗಳಲ್ಲಿ ಇಂದಿಗೂ ಹೇಳುವ ಕಥೆ.

ಬಂದೂಕಿಲ್ಲದೆಯೇ ಇದನ್ನು ನೀವು ನಿಮ್ಮ ತೋಟದಲ್ಲಿ ನೋಡಿದ್ದೀರಿ. ಕಪ್ಪುತಲೆ ಹುಳುವಿಗೋ ನುಸಿಗೋ ಬೇರಿನ ಮೂಲಕ ಔಷಧಿ ಕೊಡುವಾಗ, ಪೆನ್ಸಿಲ್ ದಪ್ಪದ ಜೀವಂತ ಬೇರನ್ನು ಓರೆಯಾಗಿ ಕತ್ತರಿಸಿ, ಮರದ ಕಡೆಯ ತುದಿಯನ್ನು ದ್ರಾವಣ ತುಂಬಿದ ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ ಕಟ್ಟುತ್ತೇವೆ. ಮರುದಿನ ಚೀಲ ಬಹುಪಾಲು ಖಾಲಿಯಾಗಿರುತ್ತದೆ. ಆ ತುದಿಯಲ್ಲಿ ನೂಕುವ ಬೇರೇ ಇಲ್ಲ, ಅದನ್ನು ನಾವೇ ಕತ್ತರಿಸಿ ತೆಗೆದಿದ್ದೇವೆ. ಎಪ್ಪತ್ತು ಅಡಿ ಮೇಲಿನ ಗರಿ ಜಗ್ಗಿದ್ದರಿಂದಲೇ ಚೀಲ ಖಾಲಿಯಾದದ್ದು. ಮೋಡ ಕವಿದ ಮಳೆಯ ದಿನ ಇದೇ ಕೆಲಸ ನಿಧಾನವಾಗುವುದಕ್ಕೂ ಕಾರಣ ಇದೇ.

ತೆಂಗಿನ ವಿಷಯದಲ್ಲಿ ಇನ್ನೆರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಬೇರುರೋಮಗಳು ನೀರು ಹೀರುತ್ತವೆ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತದ್ದು ಹೆಚ್ಚಿನ ಗಿಡಗಳಿಗೆ ಸರಿ, ಆದರೆ ತೆಂಗಿಗೆ ಬೇರುರೋಮಗಳೇ ಇಲ್ಲ. ಬುಡದಿಂದ ಹೊರಡುವ ಸಾವಿರಾರು ಬೇರುಗಳ ಎಳೆಯ ಕವಲುಗಳ ಮೆತ್ತನೆಯ ತುದಿಗಳೇ ಅಲ್ಲಿ ಹೀರುವ ಭಾಗ. ಎರಡನೆಯದಾಗಿ, ಮಾವು ಹಲಸುಗಳಂತೆ ತೆಂಗು ವರ್ಷವರ್ಷವೂ ಹೊಸ ಮರ ಕಟ್ಟಿಕೊಂಡು ದಪ್ಪವಾಗುವುದಿಲ್ಲ. ಹಾಗಾಗಿ ಕಾಂಡ ಎಳಸಾಗಿದ್ದಾಗ ಕಟ್ಟಿದ ನಾಳಗಳೇ ಅರವತ್ತು ಎಪ್ಪತ್ತು ವರ್ಷ ದುಡಿಯಬೇಕು. ಹಾಳಾದರೆ ಬದಲಿ ಇಲ್ಲ. ಕಾಂಡಕ್ಕೆ ಮೊಳೆ ಹೊಡೆಯುವಾಗ, ಹತ್ತಲು ಕಚ್ಚು ಮಾಡುವಾಗ ಇದು ನೆನಪಿಗೆ ಬರಲಿ ಎಂಬುದು ನನ್ನ ವೈಯಕ್ತಿಕ ಕೋರಿಕೆ. ಬಾಗಿಲು ಕಾಯುವ ಕೆಲಸಕ್ಕೂ ತೆಂಗಿನಲ್ಲಿ ವಿಶೇಷವುಂಟು: ಪತ್ರರಂಧ್ರದ ಕಾವಲು ಕೋಶಗಳು ಪೊಟ್ಯಾಷಿಯಂ ತುಂಬಿಕೊಂಡು ಉಬ್ಬಿದಾಗ ರಂಧ್ರ ತೆರೆಯುತ್ತದೆ, ಆ ಪೊಟ್ಯಾಷಿಯಂಗೆ ಜೊತೆಯಾಗಿ ತೆಂಗಿಗೆ ಕ್ಲೋರೈಡ್ ಬೇಕು. ತೆಂಗಿನ ಬುಡಕ್ಕೆ ಒಂದಿಷ್ಟು ಉಪ್ಪು ಹಾಕುತ್ತಿದ್ದ ಹಿರಿಯರ ರೂಢಿಯನ್ನು ಪೂರ್ತಿ ಮೂಢನಂಬಿಕೆ ಎನ್ನಲಾಗದು.

ಪ್ರಶ್ನೆ: ನಾನೂ ಗೆಳತಿಯೂ ಒಂದೇ ಗಿಡದ ಬಿಳಿ ಸೇವಂತಿಗೆಯನ್ನು ಕೆಂಪು ಶಾಯಿ ಬೆರೆಸಿದ ನೀರಿನಲ್ಲಿ ಇಟ್ಟೆವು. ಅವಳದು ಮರುದಿನ ಕೆಂಪಗಾಯಿತು, ನನ್ನದು ಬಾಡಿಹೋಯಿತು. ನನ್ನ ತಪ್ಪೇನು?
— ಧಾರವಾಡದ ಎಂಟನೆಯ ತರಗತಿಯ ವಿದ್ಯಾರ್ಥಿನಿ

ಉತ್ತರ: ಬಹುಶಃ ನೀನು ಹೂವನ್ನು ಕಿತ್ತ ಮೇಲೆ ನೀರಿಗಿಡುವುದಕ್ಕೆ ಸ್ವಲ್ಪ ಹೊತ್ತು ಮಾಡಿರಬೇಕು. ಮೇಲೆ ಹೇಳಿದಂತೆ ಕಡ್ಡಿಯೊಳಗಿನ ನೀರು ಜಗ್ಗಿದ ಹಗ್ಗದಂತೆ ಬಿಗಿಯಾಗಿರುತ್ತದೆ. ಕತ್ತರಿಸಿದ ಕ್ಷಣವೇ ಅದು ಒಳಕ್ಕೆ ಸರಿದು, ಆ ಜಾಗಕ್ಕೆ ಗಾಳಿ ನುಗ್ಗುತ್ತದೆ. ಗಾಳಿ ಹೊಕ್ಕ ನಾಳದಲ್ಲಿ ಹಗ್ಗ ತುಂಡಾದಂತೆ, ಆಮೇಲೆ ಎಷ್ಟು ನೀರಿನಲ್ಲಿಟ್ಟರೂ ಆ ನಾಳ ಜಗ್ಗಲಾರದು. ಇನ್ನೊಮ್ಮೆ ಮಾಡುವಾಗ ಕಡ್ಡಿಯನ್ನು ಬೋಗುಣಿಯ ನೀರಿನೊಳಗೆ ಮುಳುಗಿಸಿ ಹಿಡಿದು, ಒಂದೆರಡು ಅಂಗುಲ ತುದಿಯನ್ನು ನೀರಿನೊಳಗೇ ಹರಿತವಾದ ಚಾಕುವಿನಿಂದ ದೊಡ್ಡವರ ಕೈಯಲ್ಲಿ ಕತ್ತರಿಸಿಸು. ಗಾಳಿಯ ಬದಲು ನೀರೇ ಒಳಗೆ ಹೋಗುತ್ತದೆ. ಇಂಥ ಎರಡು ಹೂಗಳನ್ನು ತೆಗೆದುಕೊಂಡು ಒಂದಕ್ಕೆ ಪ್ಲಾಸ್ಟಿಕ್ ಚೀಲ ಮುಚ್ಚಿ, ಇನ್ನೊಂದನ್ನು ಫ್ಯಾನಿನ ಗಾಳಿಗೆ ಇಟ್ಟರೆ ಯಾವುದು ಬೇಗ ಕೆಂಪಾಗುತ್ತದೆ ಎಂದು ಮೊದಲೇ ಬರೆದಿಟ್ಟು ನೋಡು. ಕರ್ಣಕುಂಡಲದ ಕಡ್ಡಿ ಸಿಕ್ಕರೆ ಇನ್ನೂ ಚೆಂದ, ಅದರ ಕಾಂಡ ನೀರಿನಂತೆ ತಿಳಿಯಾಗಿರುವುದರಿಂದ ಶಾಯಿ ಏರುವುದು ಹೊರಗಿನಿಂದಲೇ ಕಾಣುತ್ತದೆ. ಅದನ್ನು ಅಡ್ಡಕ್ಕೆ ಕತ್ತರಿಸಿದರೆ ಕೆಂಪು ಚುಕ್ಕಿಗಳು ಬಳೆಯಂತೆ ಸುತ್ತ ನಿಂತಿರುತ್ತವೆ. ಜೋಳದ ದಂಟಿನಲ್ಲಿ ಇದೇ ಪ್ರಯೋಗ ಮಾಡಿದರೆ ಚುಕ್ಕಿಗಳು ಎಲ್ಲೆಡೆ ಚದರಿರುತ್ತವೆ.

ಬೆಳೆದು ನಿಂತ ಗಿಡದಲ್ಲೂ ಬಿರುಬೇಸಿಗೆಯಲ್ಲಿ ನಾಳಗಳು ಹೀಗೆ ತುಂಡಾಗುತ್ತವೆ. ತುಂಡಾಗುವಾಗ ‘ಟಿಕ್’ ಎಂಬ ಸಣ್ಣ ಸದ್ದು ಹೊರಡುವುದನ್ನು 1966ರಲ್ಲಿ ಮಿಲ್‌ಬರ್ನ್ ಮತ್ತು ಜಾನ್ಸನ್ ಎಂಬ ವಿಜ್ಞಾನಿಗಳು ಉಪಕರಣದಿಂದ ಕೇಳಿಸಿಕೊಂಡರು. ಮರ ಸದ್ದಿಲ್ಲದೆ ನೀರೆತ್ತುತ್ತದೆ ಎಂದ ತಿಪಟೂರಿನವರಿಗೂ ಇದು ತಿಳಿದಿರಲಿ. ಪಕ್ಕದ ನಾಳಕ್ಕೆ ಗುಳ್ಳೆ ದಾಟದಂತೆ ನಡುವೆ ಜಾಲರಿಯಂಥ ಪೊರೆಗಳಿರುವುದರಿಂದ ಒಂದು ತುಂಡಾದರೂ ಉಳಿದವು ದುಡಿಯುತ್ತಿರುತ್ತವೆ.

ಪ್ರಶ್ನೆ: ರಾಗಿ ಪೈರಿನ ಎಲೆಯ ತುದಿಯಲ್ಲಿ ಬೆಳಗ್ಗೆ ಒಂದೊಂದೇ ಹನಿ ಮುತ್ತಿನಂತೆ ನಿಂತಿರುತ್ತದೆ. ಇಬ್ಬನಿಯಾದರೆ ಎಲೆಯ ಮೇಲೆಲ್ಲ ಇರಬೇಕಲ್ಲವೇ?
— ಮಾಗಡಿಯಿಂದ

ಉತ್ತರ: ಸರಿಯಾಗಿ ಗಮನಿಸಿದ್ದೀರಿ, ಅದು ಇಬ್ಬನಿಯಲ್ಲ. ಮೊದಲ ಉತ್ತರದಲ್ಲಿ ಸಾಲದೆಂದು ಬದಿಗಿಟ್ಟ ಬೇರಿನ ನೂಕು ಇಲ್ಲಿ ಕಣ್ಣಿಗೆ ಕಾಣುತ್ತದೆ. ರಾತ್ರಿ ಪತ್ರರಂಧ್ರಗಳು ಮುಚ್ಚಿ, ಗಾಳಿ ತೇವವಾಗಿದ್ದು, ಮಣ್ಣು ಹಸಿಯಾಗಿದ್ದರೆ ಬೇರು ನೂಕಿದ ನೀರಿಗೆ ಹೋಗಲು ಬೇರೆ ದಾರಿಯಿಲ್ಲದೆ ಎಲೆಯ ತುದಿಯ ವಿಶೇಷ ರಂಧ್ರಗಳಿಂದ ಹನಿಯಾಗಿ ಒಸರುತ್ತದೆ. ಟೊಮೆಟೊದಲ್ಲಿ ಎಲೆಯ ಅಂಚಿನ ಹಲ್ಲುಗಳಲ್ಲಿ ಹೀಗೆ ಕಾಣುತ್ತದೆ. ಹನಿ ಒಣಗಿದ ಮೇಲೆ ಕೆಲವೊಮ್ಮೆ ಬಿಳಿಯ ಲವಣದ ಕಲೆ ಉಳಿಯುವುದುಂಟು.

ಪ್ರಶ್ನೆ: ನಮ್ಮದು ಎರೆಭೂಮಿ. ಜಡಿಮಳೆಯಿಂದ ಮೆಣಸಿನಕಾಯಿ ಹೊಲದಲ್ಲಿ ಮೂರು ದಿನ ನೀರು ನಿಂತು, ಗಿಡಗಳು ನೀರಿಲ್ಲದವುಗಳಂತೆ ಜೋತುಬಿದ್ದವು. ನೆರೆಯವರ ಮಾತು ಕೇಳಿ ಬುಡಕ್ಕೆ ಯೂರಿಯಾ ಕೊಟ್ಟೆ, ಇನ್ನಷ್ಟು ಬಾಡಿದವು. ನೀರಿನಲ್ಲಿ ನಿಂತ ಗಿಡ ಬಾಯಾರುವುದು ಹೇಗೆ?
— ಹಾವೇರಿ ಜಿಲ್ಲೆಯಿಂದ

ಉತ್ತರ: ಮಣ್ಣಿನ ನೀರು ಬೇರಿನ ಹೊರಪದರಗಳಲ್ಲಿ ಕೋಶಗಳ ನಡುವಿನ ಗೋಡೆಗುಂಟ ನುಸುಳಿ ಬರಬಹುದು. ಆದರೆ ಒಳಗಿನ ನಾಳಗಳ ಸುತ್ತ ಒಂದು ಸಾಲು ಕೋಶಗಳಿದ್ದು, ಅವುಗಳ ನಡುವೆ ನೀರು ತೂರದ ಪಟ್ಟಿ ಬಿಗಿದಿದೆ. 1865ರಲ್ಲಿ ಇದನ್ನು ವಿವರಿಸಿದ ರಾಬರ್ಟ್ ಕ್ಯಾಸ್ಪರಿಯ ಹೆಸರಿನಲ್ಲಿ ಕ್ಯಾಸ್ಪರಿ ಪಟ್ಟಿ ಎನ್ನುತ್ತಾರೆ. ಇಲ್ಲಿ ನೀರು ಕಳ್ಳದಾರಿ ಬಿಟ್ಟು ಜೀವಕೋಶದ ಪೊರೆಯ ಮೂಲಕವೇ ಹಾಯಬೇಕು. ಪೊರೆಯಲ್ಲಿ ನೀರಿಗೆಂದೇ ಇರುವ ಅಕ್ವಾಪೊರಿನ್ ಎಂಬ ಪ್ರೋಟೀನಿನ ಬಾಗಿಲುಗಳಿವೆ. ಇವನ್ನು ಮೊದಲು ಕೆಂಪು ರಕ್ತಕಣದಲ್ಲಿ ಗುರುತಿಸಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು.

ನಿಂತ ನೀರಿನ ತೊಂದರೆ ಈ ಬಾಗಿಲಿನಲ್ಲೇ ಇದೆ. ಗಾಳಿಯಲ್ಲಿ ಹರಡುವುದಕ್ಕಿಂತ ಆಮ್ಲಜನಕ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನ ಸಂದುಗಳಲ್ಲಿದ್ದ ಅಷ್ಟಿಷ್ಟು ಆಮ್ಲಜನಕವನ್ನು ಬೇರುಗಳೂ ಸೂಕ್ಷ್ಮಜೀವಿಗಳೂ ಬೇಗನೆ ಮುಗಿಸುತ್ತವೆ. ಉಸಿರುಕಟ್ಟಿದ ಬೇರಿನ ಕೋಶಗಳ ಒಳಭಾಗ ಆಮ್ಲೀಯವಾದಾಗ ಅಕ್ವಾಪೊರಿನ್ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಮಳೆ ಬಿಟ್ಟು ಬಿಸಿಲು ಬಂದೊಡನೆ ಎಲೆ ಎಂದಿನಂತೆ ಜಗ್ಗುತ್ತದೆ, ಬೇರು ಬಿಡುವುದಿಲ್ಲ; ಗಿಡ ಜೋತುಬೀಳುತ್ತದೆ. ಭತ್ತಕ್ಕೆ ಈ ಗೋಳಿಲ್ಲದಿರುವುದು ಅದರ ಬೇರಿನವರೆಗೂ ಗಾಳಿ ಇಳಿಯುವ ಟೊಳ್ಳು ದಾರಿಗಳಿರುವುದರಿಂದ. ಮೆಣಸಿನ ಗಿಡಕ್ಕೆ ಅದಿಲ್ಲ, ಬಸಿಗಾಲುವೆಯೊಂದೇ ಗತಿ.

ಯೂರಿಯಾ ಹಾಕಿದ್ದು, ಕ್ಷಮಿಸಿ, ಗಾಯದ ಮೇಲೆ ಬರೆ ಎಳೆದಂತಾಯಿತು. ಕರಗಿದ ಗೊಬ್ಬರ ಬುಡದ ನೀರನ್ನು ಗಾಢವಾಗಿಸುತ್ತದೆ. ಬೇರಿನೊಳಗಿನದಕ್ಕಿಂತ ಹೊರಗಿನ ದ್ರಾವಣ ಗಾಢವಾದಷ್ಟೂ ಒಳಕ್ಕೆ ಬರುವ ನೀರಿನ ಸೆಳೆತ ಕುಗ್ಗಿ, ಕೊನೆಗೆ ತಿರುಗುಮುರುಗಾಗಲೂಬಹುದು. ತುಂಗಭದ್ರಾ ಅಚ್ಚುಕಟ್ಟಿನ ಸವಳು-ಜವಳು ಭೂಮಿಯಲ್ಲಿ ಕಾಲುವೆ ತುಂಬ ನೀರಿದ್ದೂ ಪೈರು ಸೊರಗುವುದು ಈ ಎರಡೂ ಕಾರಣಗಳು ಒಂದೇ ಕಡೆ ಸೇರಿದ್ದರಿಂದ. ನಿಮ್ಮಲ್ಲಿ ಮೊದಲು ನೀರು ಬಸಿದುಹೋಗಲಿ, ಮಣ್ಣು ಹದಕ್ಕೆ ಬರಲಿ, ಹೊಸ ಬೇರು ಬಿಟ್ಟ ಮೇಲೆ ಗೊಬ್ಬರದ ಯೋಚನೆ ಮಾಡಿ.

ಎರೆಯಲ್ಲಿ ಇನ್ನೊಂದು ಮೋಸವಿದೆ. ಅದು ಕೆಂಪು ಮಸಾರಿಗಿಂತ ಎಷ್ಟೋ ಹೆಚ್ಚು ನೀರು ಹಿಡಿದಿಟ್ಟುಕೊಂಡರೂ, ಅದರ ದೊಡ್ಡ ಪಾಲನ್ನು ಜೇಡಿಕಣಗಳು ಬಿಗಿಯಾಗಿ ಹಿಡಿದಿರುತ್ತವೆ. ಮಣ್ಣಿನ ಹಿಡಿತ ಸುಮಾರು 15 ವಾಯುಭಾರ ಮುಟ್ಟಿದರೆ ಹೆಚ್ಚಿನ ಬೆಳೆಗಳು ಕೈಚೆಲ್ಲುತ್ತವೆ, ಕೈಗೆ ಮಣ್ಣು ಇನ್ನೂ ತಂಪಾಗಿಯೇ ತೋರುತ್ತಿದ್ದರೂ ಸಹ. ಮಧ್ಯಾಹ್ನ ಜೋತುಬಿದ್ದ ಗಿಡ ಬೆಳಗಿನ ಹೊತ್ತಿಗೆ ನೆಟ್ಟಗಾಗಿದ್ದರೆ ಗಾಬರಿ ಬೇಡ; ಬೆಳಗ್ಗೆಯೂ ಹಾಗೆಯೇ ಇದ್ದರೆ ನೋಡಬೇಕು.

ಬಸಿದ ಮೇಲೂ ಕೆಲವು ಗಿಡಗಳು ಏಳದಿದ್ದರೆ ಸೊರಗುರೋಗದ ಅನುಮಾನ ಪಡಿ, ಏಕೆಂದರೆ ಆ ರೋಗಗಳಲ್ಲೂ ಹದಗೆಡುವುದು ಇದೇ ನಾಳಗಳು. ಬುಡದ ಹತ್ತಿರ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಕದಲಿಸದೆ ತೂಗುಹಾಕಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದು ದುಂಡಾಣು ಸೊರಗುರೋಗ, ನಾಳಗಳಲ್ಲಿ ಬ್ಯಾಕ್ಟೀರಿಯಾ ತುಂಬಿಕೊಂಡಿದೆ ಎಂದರ್ಥ. ಅಂಥ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು. ಎಳೆ ಕಾಣದೆ ಕಾಂಡದ ಒಳಗೆ ಕಂದುಬಣ್ಣ ಮಾತ್ರ ಕಂಡರೆ ಶಿಲೀಂಧ್ರದ ಕೈವಾಡವಿರಬಹುದು, ಗಿಡವನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ.

ಪ್ರಶ್ನೆ: ತೆಂಗಿನ ಹೊಂಬಾಳೆಯಿಂದ ಇಳಿಸುವ ನೀರಾ ಮತ್ತು ಎಳನೀರು ಬೇರಿನಿಂದ ಹತ್ತಿದ ಅದೇ ನೀರೇ?
— ಬಂಟ್ವಾಳದಿಂದ

ಉತ್ತರ: ಮೂಲದಲ್ಲಿ ಹೌದು, ದಾರಿಯಲ್ಲಿ ಅಲ್ಲ. ಕ್ಸೈಲಂನಲ್ಲಿ ಏರುವುದು ಅಲ್ಪಸ್ವಲ್ಪ ಲವಣವಿರುವ ಸಪ್ಪೆ ನೀರು. ನೀರಾ ಬರುವುದು ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಸಾಗಿಸುವ ಫ್ಲೋಯಂ ಎಂಬ ಇನ್ನೊಂದು ನಾಳವ್ಯವಸ್ಥೆಯಿಂದ. ಇವು ಜೀವಂತ ನಾಳಗಳು, ಇವುಗಳೊಳಗಿನ ರಸ ಜಗ್ಗಿನಲ್ಲಿಲ್ಲ, ನೂಕಿನಲ್ಲಿದೆ. ಸಕ್ಕರೆ ತುಂಬಿದ ಕಡೆಗೆ ಪಕ್ಕದ ಕ್ಸೈಲಂನಿಂದ ನೀರು ನುಗ್ಗಿ ಉಂಟಾಗುವ ಒತ್ತಡವೇ ಅದನ್ನು ಹರಿಸುತ್ತದೆ ಎಂದು ಜರ್ಮನಿಯ ಅರ್ನ್ಸ್ಟ್ ಮ್ಯೂಂಚ್ 1930ರಲ್ಲಿ ವಿವರಿಸಿದರು. ಹಾಗಾಗಿಯೇ ಕೊಯ್ದ ಹೊಂಬಾಳೆ ತೊಟ್ಟಿಕ್ಕುತ್ತದೆ, ಕೊಯ್ದ ಬೇರು ಚೀಲದ ದ್ರಾವಣವನ್ನು ಹೀರುತ್ತದೆ. ಎಳನೀರಾದರೋ ನಾಳದ ರಸವೇ ಅಲ್ಲ, ಅದು ಕಾಯಿಯೊಳಗಿನ ಮೊಳಕೆಗೆಂದು ಮರ ಕೂಡಿಟ್ಟ ಆಹಾರದ ದ್ರವರೂಪ. ಕಾಯಿ ಬಲಿತಂತೆ ಇದರಿಂದಲೇ ಗಂಜಿಯೂ ಆಮೇಲೆ ಗಟ್ಟಿ ತಿರುಳೂ ಕಟ್ಟುತ್ತವೆ. ಫ್ಲೋಯಂ ನಾಳಕ್ಕೆ ಗಾಯವಾದರೆ ಗಿಡ ಬಾಯಿಯನ್ನು ತಾನೇ ಬೇಗನೆ ಬೆಸೆದುಕೊಳ್ಳುತ್ತದೆ. ನೀರಾ ಇಳಿಸುವವರು ದಿನವೂ ಮರ ಹತ್ತಿ ಹೊಂಬಾಳೆಯ ತುದಿಯನ್ನು ತೆಳ್ಳಗೆ ಕೆತ್ತುವುದು ಆ ಬೆಸುಗೆಯನ್ನು ಬಿಡಿಸಲಿಕ್ಕಾಗಿ.